ಕಂಡ ನಾಡು, ಕಾಣದ ನೆರೆಮನೆ

ನಮ್ಮ ಮಠದ ಉಚಿತ ಪ್ರಸಾದನಿಲಯದಲ್ಲಿದ್ದು ಓದಿ, 2008ರಿಂದ ಈಚೆಗೆ ಜಪಾನಿನ ಟೋಕಿಯೋ ನಗರದ ಸಮೀಪದಲ್ಲಿ ನೆಲಸಿರುವ ಹಳೆಯ ವಿದ್ಯಾರ್ಥಿಯೊಬ್ಬರು ತಮ್ಮ ಅಲ್ಲಿನ ಬಾಳನ್ನು ಕುರಿತು ಒಂದು ಗ್ರಂಥವನ್ನು ಬರೆದಿದ್ದಾರೆ. ಅದರ ಹಸ್ತಪ್ರತಿಯನ್ನು ಕಳುಹಿಸಿ ಆಶೀರ್ವಾದರೂಪವಾದ ಮುನ್ನುಡಿಯೊಂದನ್ನು ಬೇಡಿದ್ದಾರೆ. ಸ್ವಾಮಿಗಳಾದವರಿಂದ ಮುನ್ನುಡಿ ಬರೆಯಿಸುವುದು ನಮ್ಮಲ್ಲಿ ನಡೆದು ಬಂದಿರುವ ಪದ್ಧತಿ. ಅಂತಹ ಮುನ್ನುಡಿಗಳಲ್ಲಿ ಗ್ರಂಥದ ಗುಣಕ್ಕಿಂತ ಗ್ರಂಥಕರ್ತನ ವಿನಯವೂ ಗುರುಭಕ್ತಿಯೂ ಹೆಚ್ಚಾಗಿ ವರ್ಣಿತವಾಗುತ್ತವೆ. ನಾವೂ ಅಂತಹವನ್ನು ಅನೇಕ ಬರೆದಿದ್ದೇವೆ. ಈ ಸಲ ಹಾಗೆ ಬರೆಯಲು ಮನಸ್ಸು ಒಪ್ಪಲಿಲ್ಲ. ಈ ಗ್ರಂಥದಲ್ಲಿ ಕಂಡ ಗುಣದೋಷಗಳೆರಡೂ ಇದೊಂದಕ್ಕೇ ಸೇರಿದವಲ್ಲ. ಹೊರನಾಡಿಗೆ ಹೋಗಿ ನೆಲಸಿರುವ ನಮ್ಮ ನೂರಾರು ಮಂದಿ ಮಕ್ಕಳ ನೋಟಕ್ಕೂ, ಅವರನ್ನು ಓದಿಸಿ ಕಳುಹಿಸಿದ ನಮ್ಮ ಶಿಕ್ಷಣಕ್ಕೂ ಸೇರಿದವು. ಆದುದರಿಂದ ಮುನ್ನುಡಿಗೆ ಬದಲಾಗಿ ವಿಮರ್ಶೆಯನ್ನು ಬರೆದು ಮಾಸಪತ್ರಿಕೆಯಲ್ಲಿ ಪ್ರಕಟಿಸಬಹುದೇ ಎಂದು ಅವರನ್ನೇ ಕೇಳಿದೆವು. "ಬುದ್ಧೀ, ತಮಗೆ ತೋರಿದಂತೆ ಬರೆಯಿರಿ, ನನ್ನ ಹೆಸರೊಂದನ್ನು ಬಿಟ್ಟುಬಿಡಿ" ಎಂದು ಉತ್ತರ ಬಂದಿತು. ಆ ಅನುಮತಿಯ ಮೇಲೆ ಈ ನಾಲ್ಕು ಮಾತು.

ಗ್ರಂಥಕರ್ತರ ಪೂರ್ವವೃತ್ತಾಂತವನ್ನು ಸ್ವಲ್ಪ ಹೇಳಬೇಕು. ಅವರ ತಾತನವರು ಕೋಲಾರದ ಚಿನ್ನದ ಗಣಿಯ ಚಾಂಪಿಯನ್ ರೀಫ್‌ನಲ್ಲಿ ನೆಲದಡಿಯ ಕೆಲಸ ಮಾಡಿದವರು. ತಂದೆಯವರೂ ಗಣಿಯನ್ನೇ ನಂಬಿ ಬದುಕಿದವರು. 2001ರ ಫೆಬ್ರವರಿ ಕೊನೆಗೆ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಮುಚ್ಚಿದಾಗ ಈ ಹುಡುಗ ಕಾಲೇಜಿನ ಮೆಟ್ಟಿಲು ಹತ್ತುತ್ತಿದ್ದ. ಕುಟುಂಬವು ಬಂಗಾರಪೇಟೆಗೆ ಬಂದು ಬಾಡಿಗೆ ಮನೆ ಹಿಡಿಯಿತು. ಮನೆಯ ಮಾತು ತಮಿಳು, ಬೀದಿಯ ಮಾತು ತೆಲುಗು, ಓದುಬರಹದ ಮಾತು ಕನ್ನಡ. ಇಂತಹ ಮೂರು ಭಾಷೆಗಳ ಸಂಧಿಯಲ್ಲಿ ಬೆಳೆದು, ನಾಲ್ಕನೆಯದಾಗಿ ಜಪಾನೀ ಭಾಷೆಯನ್ನು ಕಲಿತು, ಗ್ರಂಥವನ್ನು ಮಾತ್ರ ಕನ್ನಡದಲ್ಲಿಯೇ ಬರೆಯಬೇಕೆಂದು ಸಂಕಲ್ಪಿಸಿದ್ದು ಅಭಿನಂದನೀಯವಾದ ಸಂಗತಿ. ಇದನ್ನು ಮೊದಲೇ ಹೇಳಿಬಿಡುತ್ತೇವೆ, ಮುಂದಿನ ಮಾತುಗಳು ಕಟುವಾಗಿ ತೋರಿದರೂ ಇದು ನೆನಪಿನಲ್ಲಿರಲಿ.

ಗ್ರಂಥದ ಗುಣಗಳು ಅಲ್ಪವಲ್ಲ. ಭಾಷೆ ಸರಳವಾಗಿದೆ, ಉಪಮೆಗಳ ಆಡಂಬರವಿಲ್ಲ. ಮನೆಯ ಹೊಸ್ತಿಲಲ್ಲಿ ಪಾದರಕ್ಷೆ ಬಿಡುವ ಕ್ರಮ, ಕಸವನ್ನು ಬಗೆಬಗೆಯಾಗಿ ಬೇರ್ಪಡಿಸಿ ಗೊತ್ತಾದ ದಿನದಲ್ಲಿಯೇ ಹೊರಗಿಡುವ ಕ್ರಮ, ಊಟಕ್ಕೆ ಮುಂಚೆ ಕೈಜೋಡಿಸಿ "ಇತಾದಾಕಿಮಾಸು" ಎಂದು ಹೇಳುವ ವಾಡಿಕೆ, ನಿಮಿಷ ತಪ್ಪದೆ ಬರುವ ರೈಲು, ಶಾಲೆಯ ಮಕ್ಕಳೇ ತಮ್ಮ ತರಗತಿಯನ್ನು ಗುಡಿಸಿ ಒರೆಸುವ ನಿಯಮ, ಇವೆಲ್ಲವೂ ಕಣ್ಣಿಗೆ ಕಟ್ಟುವಂತೆ ಬಂದಿವೆ. "ಇತಾದಾಕಿಮಾಸು" ಎಂಬುದಕ್ಕೆ ವಿನಯದಿಂದ ಸ್ವೀಕರಿಸುತ್ತೇನೆ ಎಂದು ಅರ್ಥ. ಅನ್ನವನ್ನು ಪ್ರಸಾದವೆಂದು ಸ್ವೀಕರಿಸುವ ಪಂಕ್ತಿಯಲ್ಲಿ ಕುಳಿತು ಬೆಳೆದ ಹುಡುಗನಿಗೆ ಆ ಮಾತು ಕೂಡಲೇ ಹಿಡಿಸಿತೆಂಬುದನ್ನು ಓದಿ ನಮಗೆ ಸಂತೋಷವಾಯಿತು.

ಇನ್ನು ದೋಷ. ನಾವು ಇಡೀ ಹಸ್ತಪ್ರತಿಯನ್ನು ಎರಡು ಸಲ ಓದಿದೆವು. ಎರಡನೆಯ ಸಲ ಓದುವಾಗ ಒಂದು ಕಾಗದವನ್ನು ಪಕ್ಕದಲ್ಲಿಟ್ಟುಕೊಂಡು, ಗ್ರಂಥದಲ್ಲಿ ಬರುವ ಜಪಾನೀಯರ ಹೆಸರುಗಳನ್ನು ಗುರುತು ಹಾಕಿಕೊಳ್ಳುತ್ತ ಹೋದೆವು. ರೈಲು ನಿಲ್ದಾಣಗಳ ಹೆಸರು ಹಲವು ದೊರೆತವು. ದೇವಾಲಯಗಳ ಹೆಸರು, ತಿಂಡಿಗಳ ಹೆಸರು, ಹೂವಿನ ಹೆಸರು ದೊರೆತವು. ಮನುಷ್ಯರ ಹೆಸರು ಒಂದೂ ದೊರೆಯಲಿಲ್ಲ. "ಜಪಾನೀಯರು ಶಿಸ್ತಿನವರು", "ಜಪಾನೀಯರು ಮಿತಭಾಷಿಗಳು", "ಜಪಾನೀಯರು ವೃದ್ಧರನ್ನು ಗೌರವಿಸುತ್ತಾರೆ" ಎಂದು ಬಹುವಚನದಲ್ಲಿ ಒಂದು ಜನಾಂಗವೇ ಬಂದು ಹೋಗುತ್ತದೆ. ಏಕವಚನದ ಒಬ್ಬ ಮನುಷ್ಯನು ಬಂದು ಕುಳಿತುಕೊಳ್ಳುವುದಿಲ್ಲ. ಹದಿನೈದು ವರ್ಷಕ್ಕೂ ಮಿಕ್ಕಿ ಒಂದು ನಾಡಿನಲ್ಲಿ ಬಾಳಿದವನ ಗ್ರಂಥದಲ್ಲಿ ಒಬ್ಬ ಸ್ನೇಹಿತನೂ ಇಲ್ಲದಿರುವುದು ಸಣ್ಣ ಕೊರತೆಯಲ್ಲ.

ಪ್ರವಾಸಿಗೆ ಈ ಮಾತು ಅನ್ವಯಿಸುವುದಿಲ್ಲ. ಆತನು ಕೆಲವು ವಾರ ಇದ್ದು ಹಿಂದಿರುಗುವವನು. ಕಣ್ಣಿಗೆ ಬಿದ್ದುದನ್ನು ಬರೆಯುವುದು ಆತನ ಧರ್ಮ. ಸರ್ ಎಂ. ವಿಶ್ವೇಶ್ವರಯ್ಯನವರು 1898ರಲ್ಲಿ ಜಪಾನಿಗೆ ಹೋಗಿ ಬಂದರು. ಆ ನಾಡಿನ ಶಿಕ್ಷಣವನ್ನೂ ಉದ್ಯಮವನ್ನೂ ನೋಡಿ, ನಮ್ಮ ದೇಶಕ್ಕೆ ಬೇಕಾದ ಪಾಠವನ್ನು ಹೆಕ್ಕಿಕೊಂಡು ಬಂದರು. ಅವರು ಹೋದದ್ದು ಪಾಠಕ್ಕಾಗಿ, ಗೆಳೆತನಕ್ಕಾಗಿ ಅಲ್ಲ. ಆದುದರಿಂದ ಅವರಲ್ಲಿ ಗೆಳೆಯರನ್ನು ಹುಡುಕುವುದು ನ್ಯಾಯವಲ್ಲ. ಕನ್ನಡದ ಪ್ರವಾಸಸಾಹಿತ್ಯದ ಬಹುಭಾಗ ಈ ಜಾತಿಯದು. ಆದರೆ ಹೋದವರು ಹಿಂದಿರುಗದೆ ಅಲ್ಲಿಯೇ ಸಂಸಾರ ಹೂಡಿ, ಅಲ್ಲಿಯೇ ಮಕ್ಕಳನ್ನು ಶಾಲೆಗೆ ಸೇರಿಸುವ ಕಾಲ ಬಂದಿದೆ. ಟೋಕಿಯೋದ ಎದೊಗಾವಾ ವಿಭಾಗದ ನಿಶಿ ಕಸಾಯ್ ಎಂಬ ಬಡಾವಣೆಯಲ್ಲಿ ಭಾರತೀಯರ ದೊಡ್ಡ ನೆಲೆಯೇ ಆಗಿದೆ. ನೆಲಸಿದವರು ಬರೆಯುವಾಗಲೂ ಪ್ರವಾಸಿಯ ಲೇಖನಿಯನ್ನೇ ಹಿಡಿದರೆ ಬರಹವು ಬಾಳಿನ ಹಿಂದೆ ಬೀಳುತ್ತದೆ. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ "ಅಮೆರಿಕದಲ್ಲಿ ಗೊರೂರು" ಗ್ರಂಥಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಅವರು ಅಲ್ಲಿ ನೆಲಸಲು ಹೋದವರಲ್ಲ. ಆದರೂ ಗೊರೂರಿನ ಮನುಷ್ಯನು ಅಮೆರಿಕದ ಮನುಷ್ಯನನ್ನು ಮಾತನಾಡಿಸುವ ಹಂಬಲವು ಆ ಗ್ರಂಥದ ಹೆಸರಿನಲ್ಲಿಯೇ ಇದೆ. ತನ್ನ ಊರನ್ನು ಹೆಗಲ ಮೇಲೆ ಹೊತ್ತುಕೊಂಡು ಹೋದವನಿಗೆ ಮಾತ್ರ ಪರವೂರಿನವನನ್ನು ಸಮಾನವಾಗಿ ಮಾತನಾಡಿಸುವ ಧೈರ್ಯ ಬರುತ್ತದೆ.

ಜಪಾನಿನ ವಿಷಯದಲ್ಲಿಯೇ ಒಂದು ದೊಡ್ಡ ಉದಾಹರಣೆಯಿದೆ. ಲಾಫ್ಕಾಡಿಯೋ ಹರ್ನ್ ಎಂಬ ಲೇಖಕನು 1890ರಲ್ಲಿ ಜಪಾನಿಗೆ ಹೋದನು. ಮತ್ಸುಎ ಎಂಬ ಊರಿನಲ್ಲಿ ಉಪಾಧ್ಯಾಯನಾಗಿ, ಕೊಇಜುಮಿ ಸೆತ್ಸು ಎಂಬ ಸಾಮುರಾಯಿ ವಂಶದ ಮಹಿಳೆಯನ್ನು ವಿವಾಹವಾಗಿ, 1896ರಲ್ಲಿ ಆ ದೇಶದ ಪ್ರಜೆಯಾಗಿ, ಕೊಇಜುಮಿ ಯಾಕುಮೊ ಎಂಬ ಹೆಸರನ್ನು ಧರಿಸಿ, 1904ರಲ್ಲಿ ಅಲ್ಲಿಯೇ ತೀರಿಕೊಂಡನು. ಆತನು ಬರೆದ ಜಪಾನಿನ ಹಳೆಯ ಕಥೆಗಳನ್ನು ಇಂದಿಗೂ ಜಪಾನೀಯರು ತಮ್ಮವೆಂದೇ ಓದುತ್ತಾರೆ. ಆ ಕಥೆಗಳಲ್ಲಿ ಎಷ್ಟೋ ಆತನ ಹೆಂಡತಿಯು ರಾತ್ರಿಯ ಹೊತ್ತು ಹೇಳಿದವು. ಆತನಿಗೆ ಭಾಷೆ ಪೂರ್ಣವಾಗಿ ಬರುತ್ತಿರಲಿಲ್ಲ. ಆದರೆ ಕೇಳುವ ಕಿವಿಯಿತ್ತು, ಹೇಳುವವರು ಮನೆಯಲ್ಲಿದ್ದರು. ನಮ್ಮ ಗ್ರಂಥಕರ್ತರಿಗೆ ಹರ್ನನಿಗಿಂತ ಚೆನ್ನಾಗಿ ಆ ಭಾಷೆ ಬರುತ್ತದೆಂದು ನಂಬುತ್ತೇವೆ. ಆದರೆ ಅವರ ಗ್ರಂಥಕ್ಕೆ ಕಣ್ಣುಂಟು, ಕಿವಿಯಿಲ್ಲ.

ಸ್ನೇಹವೆಂದರೆ ಕೇವಲ ಹೊಗಳಿಕೆಯೂ ಅಲ್ಲ. ರವೀಂದ್ರನಾಥ ಠಾಕೂರರು 1916ರಲ್ಲಿ ಜಪಾನಿಗೆ ಹೋದಾಗ ಅಲ್ಲಿನ ಸೌಂದರ್ಯದೃಷ್ಟಿಯನ್ನು ಮನಸಾರೆ ಮೆಚ್ಚಿದರು. ಅದೇ ನಾಡಿನಲ್ಲಿ ನಿಂತು ಅದರ ರಾಷ್ಟ್ರಾಭಿಮಾನದ ಅತಿರೇಕವನ್ನು ಖಂಡಿಸಿದರು. ಮುಂದೆ ಜಪಾನು ಚೀನದ ಮೇಲೆ ಯುದ್ಧಕ್ಕೆ ನಡೆದಾಗ, ಆ ಯುದ್ಧವನ್ನು ಸಮರ್ಥಿಸಿದ ಮಿತ್ರಕವಿ ಯೊನೆ ನೊಗುಚಿಯವರೊಡನೆ 1938ರಲ್ಲಿ ಬಹಿರಂಗ ಪತ್ರಗಳ ಮೂಲಕ ವಾದಿಸಿದರು. ಆ ಗೆಳೆತನಕ್ಕೆ ಪೆಟ್ಟು ಬಿದ್ದಿತು, ಸತ್ಯಕ್ಕೆ ಬೀಳಲಿಲ್ಲ. ಅತಿಥಿಯು ಹೊಗಳುತ್ತಾನೆ, ವೈರಿಯು ತೆಗಳುತ್ತಾನೆ, ಎರಡನ್ನೂ ಒಂದೇ ಬಾಯಿಂದ ಆಡಬಲ್ಲವನು ಸ್ನೇಹಿತನೊಬ್ಬನೇ. ಪ್ರಕೃತ ಗ್ರಂಥದಲ್ಲಿ ಆದಿಯಿಂದ ಅಂತ್ಯದವರೆಗೆ ಅತಿಥಿಯ ಮಾತೇ ಇದೆ.

ಆದರೂ ಒಂದು ಪುಟ ಬೇರೆಯಾಗಿದೆ. ಅದನ್ನು ವಾಚಕರ ಮುಂದಿಡದಿದ್ದರೆ ಗ್ರಂಥಕರ್ತರಿಗೆ ಅನ್ಯಾಯವಾದೀತು. 2011ರ ಮಾರ್ಚ್ 11ರಂದು ಜಪಾನಿನ ಈಶಾನ್ಯ ಭಾಗದಲ್ಲಿ ಘೋರವಾದ ಭೂಕಂಪವೂ ಸಮುದ್ರದ ಉಕ್ಕೂ ಸಂಭವಿಸಿದುದು ಎಲ್ಲರಿಗೂ ತಿಳಿದಿದೆ. ಆ ದಿನ ಟೋಕಿಯೋದಲ್ಲಿಯೂ ನೆಲ ತೂಗಿತು, ರೈಲುಗಳು ನಿಂತವು, ಅಸಂಖ್ಯಾತ ಜನ ರಾತ್ರಿಯೆಲ್ಲ ನಡೆದು ಮನೆ ಸೇರಿದರು. ನಮ್ಮ ಗ್ರಂಥಕರ್ತರೂ ಹಾಗೆಯೇ ನಡೆದು ಮಧ್ಯರಾತ್ರಿ ದಾಟಿದ ಮೇಲೆ ತಮ್ಮ ಬಾಡಿಗೆ ಮನೆಗೆ ಬಂದರಂತೆ. ಪಕ್ಕದ ಮನೆಯ ಮುದುಕಿಯೊಬ್ಬರು ಬಾಗಿಲಲ್ಲಿ ಕಾದು ನಿಂತಿದ್ದು, ಅನ್ನದ ಎರಡು ಉಂಡೆಗಳನ್ನೂ ಒಂದು ಟಾರ್ಚನ್ನೂ ಕೈಗಿತ್ತು, ತಲೆಬಾಗಿ, ಒಂದು ಮಾತೂ ಆಡದೆ ಒಳಗೆ ಹೋದರಂತೆ. ಮೂರು ವರ್ಷ ಪಕ್ಕದಲ್ಲಿದ್ದೂ ಆ ತಾಯಿಗೆ ತಾವು ಒಮ್ಮೆಯಾದರೂ ನಮಸ್ಕಾರ ಹೇಳಿರಲಿಲ್ಲವೆಂದು ಗ್ರಂಥಕರ್ತರು ಬರೆಯುತ್ತಾರೆ. ಹೊಸದಾಗಿ ಮನೆಗೆ ಬಂದವರೇ ನೆರೆಮನೆಗಳಿಗೆ ಹೋಗಿ ಸಣ್ಣ ಕಾಣಿಕೆಯೊಂದನ್ನು ಕೊಟ್ಟು ಪರಿಚಯ ಹೇಳಿಕೊಳ್ಳಬೇಕೆಂಬ ಆ ನಾಡಿನ ಪದ್ಧತಿಯು ಅವರಿಗೆ ತಿಳಿದದ್ದು ಆ ರಾತ್ರಿಯ ಅನಂತರ. ಆ ಪುಟವನ್ನು ಓದುವಾಗ ನಮ್ಮ ಕಣ್ಣು ಒದ್ದೆಯಾಯಿತು. ಆದರೆ ಮುಂದಿನ ಪುಟದಲ್ಲಿಯೇ ಗ್ರಂಥವು ಜಪಾನೀ ಕಟ್ಟಡಗಳ ಭೂಕಂಪನಿರೋಧಕ ತಂತ್ರದ ವರ್ಣನೆಗೆ ಹೊರಳುತ್ತದೆ. ಆ ತಾಯಿಯ ಹೆಸರೇನು, ಅವರ ಮಕ್ಕಳೆಲ್ಲಿ, ಮರುದಿನ ಇವರು ಹೋಗಿ ಬಾಗಿಲು ತಟ್ಟಿದರೇ ಎಂಬುದು ನಮಗೆ ತಿಳಿಯುವುದಿಲ್ಲ.

ಅದಕ್ಕಿಂತ ನಮ್ಮನ್ನು ಹೆಚ್ಚು ನೋಯಿಸಿದ ವಾಕ್ಯ ಅದೇ ಪುಟದಲ್ಲಿದೆ: "ನೆಲ ನಡುಗುವುದೆಂದರೇನೆಂದು ನಮ್ಮ ಕಡೆಯವರಿಗೆ ಗೊತ್ತೇ ಇಲ್ಲ." ವಾಚಕರೆ, ಚಾಂಪಿಯನ್ ರೀಫ್ ಗಣಿಕಾರ್ಮಿಕನ ಮೊಮ್ಮಗ ಬರೆಯುವ ಮಾತೇ ಇದು? ಕೋಲಾರದ ಗಣಿಗಳು ಮೂರು ಸಾವಿರ ಮೀಟರಿಗೂ ಮಿಕ್ಕಿ ಆಳಕ್ಕೆ ಇಳಿದವು. ಅಷ್ಟು ಆಳದಲ್ಲಿ ಬಂಡೆಯ ಮೇಲೆ ಬೀಳುವ ಒತ್ತಡವು ಅಪಾರ; ಚಿನ್ನದ ಅದಿರನ್ನು ತೆಗೆದು ಟೊಳ್ಳು ಮಾಡಿದಂತೆಲ್ಲ ಉಳಿದ ಬಂಡೆಯು ಆ ಒತ್ತಡವನ್ನು ತಾಳಲಾರದೆ ಸಿಡಿಯುತ್ತಿತ್ತು. ಗಣಿಯವರು ಏರ್‌ಬ್ಲಾಸ್ಟ್ ಎಂದು ಕರೆಯುತ್ತಿದ್ದ ಈ ಬಂಡೆಸಿಡಿತದಿಂದ ಮೇಲಿನ ಮನೆಗಳ ಪಾತ್ರೆಗಳು ಉರುಳುತ್ತಿದ್ದವು, ಗೋಡೆಗಳು ಬಿರುಕು ಬಿಡುತ್ತಿದ್ದವು. ನೆಲ ನಡುಗಿತೆಂದರೆ ಹೆಂಗಸರು ಒಲೆಯ ಮೇಲಿನದನ್ನು ಹಾಗೆಯೇ ಬಿಟ್ಟು ಶಾಫ್ಟಿನ ಬಾಯಿಗೆ ಓಡುತ್ತಿದ್ದರು. ಇಂತಹ ವಿಷಯಗಳ ಅಧ್ಯಯನಕ್ಕೆಂದೇ 1988ರಲ್ಲಿ ಅಲ್ಲಿ ರಾಷ್ಟ್ರೀಯ ಶಿಲಾಯಂತ್ರವಿಜ್ಞಾನ ಸಂಸ್ಥೆಯು ಸ್ಥಾಪಿತವಾಯಿತು. ನಮ್ಮ ಗ್ರಂಥಕರ್ತರ ಅಜ್ಜಿ ಹಾಗೆ ಎಷ್ಟು ಸಲ ಓಡಿದ್ದರೋ! ಬಾಗಿಲಲ್ಲಿ ಕಾದು ನಿಂತ ಆ ಜಪಾನೀ ಮುದುಕಿಯನ್ನು ಕಂಡಾಗ ಶಾಫ್ಟಿನ ಬಾಯಲ್ಲಿ ಕಾದು ನಿಂತ ತಮ್ಮ ಅಜ್ಜಿ ನೆನಪಾಗಬೇಕಾಗಿತ್ತು. ಆ ನೆನಪು ಬಂದಿದ್ದರೆ ಬಾಗಿಲು ತಾನಾಗಿ ತೆರೆಯುತ್ತಿತ್ತು. ತನ್ನ ಅಜ್ಜಿಯನ್ನು ಮರೆತವನಿಗೆ ಇನ್ನೊಬ್ಬರ ಅಜ್ಜಿ ಹೇಗೆ ದೊರೆತಾಳು?

ಇನ್ನೊಂದು ಆಕ್ಷೇಪವು ಶುಚಿತ್ವದ ಪ್ರಕರಣವನ್ನು ಕುರಿತದ್ದು. ಗ್ರಂಥದ ಅತಿ ದೀರ್ಘವಾದ ಅಧ್ಯಾಯವಿದು. ಜಪಾನಿನ ಬೀದಿಗಳ ನೈರ್ಮಲ್ಯವನ್ನು ವರ್ಣಿಸಿ, "ನಮ್ಮವರಿಗೆ ಶುಚಿತ್ವದ ಬುದ್ಧಿಯೇ ಇಲ್ಲ" ಎಂದು ನಿಟ್ಟುಸಿರಿನೊಡನೆ ಮುಗಿಯುತ್ತದೆ. ಯಾವ ಊರನ್ನು ನೋಡಿದರೂ, ಇಲ್ಲಿ ಗುಡಿಸುವವರು ಯಾರು, ಅವರನ್ನು ಊರು ಹೇಗೆ ನಡೆಸಿಕೊಳ್ಳುತ್ತದೆ ಎಂದು ಮೊದಲು ಕೇಳಬೇಕು. ಕಾಯಕದ ತತ್ತ್ವದಲ್ಲಿ ಬೆಳೆದವರಿಗೆ ಈ ಪ್ರಶ್ನೆ ಸಹಜವಾಗಿ ಬರಬೇಕು. ಚಿನ್ನದ ಗಣಿಯ ಪಟ್ಟಣವನ್ನು ಹಿಂದೆ ಪುಟ್ಟ ಇಂಗ್ಲೆಂಡ್ ಎಂದು ಕರೆಯುತ್ತಿದ್ದರು. 1880ರ ಸುಮಾರಿಗೆ ಜಾನ್ ಟೇಲರ್ ಕಂಪನಿಯವರು ಬಂದ ಮೇಲೆ ಅಲ್ಲಿ ಹೂದೋಟಗಳ ಬಂಗಲೆಗಳು, ಕ್ಲಬ್ಬು, ಗಾಲ್ಫ್ ಮೈದಾನ, ಇಗರ್ಜಿಗಳು ಎದ್ದವು. 1902ರಲ್ಲಿ ಸುಮಾರು 92 ಮೈಲಿ ದೂರದ ಶಿವನಸಮುದ್ರದಿಂದ ವಿದ್ಯುತ್ತು ಬಂದಿತು; ಬೆಂಗಳೂರಿಗೆ ದೀಪ ಬರುವುದಕ್ಕೆ ಮೂರು ವರ್ಷ ಮುಂಚೆ. ಬಂಗಲೆಗಳ ಬೀದಿಯು ಶುಚಿಯಾಗಿಯೇ ಇತ್ತು. ಆದರೆ ಕೂಲಿ ಲೈನುಗಳ ಒಣ ಪಾಯಖಾನೆಗಳನ್ನು ಮನುಷ್ಯರು ಕೈಯಿಂದ ಬಳಿದು ಹೊತ್ತೊಯ್ಯುತ್ತಿದ್ದರು. 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ ತಲೆಯ ಮೇಲೆ ಮಲ ಹೊರುವುದನ್ನು ನಮ್ಮ ರಾಜ್ಯದಲ್ಲಿ ನಿಷೇಧಿಸಿದ ಮೇಲೆಯೂ, ಕೇಂದ್ರ ಸರ್ಕಾರವು 1993ರಲ್ಲಿ ಕಾಯಿದೆ ಮಾಡಿದ ಮೇಲೆಯೂ ಒಣ ಪಾಯಖಾನೆಗಳು ಆ ಊರಿನಲ್ಲಿ ಉಳಿದಿದ್ದವು. ಅಂತಹ ಕೆಲಸದ ಕುಟುಂಬದಲ್ಲಿ ಅಲ್ಲಿಯೇ 1966ರಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅವರು ಆ ಅಮಾನುಷ ಪದ್ಧತಿಯ ವಿರುದ್ಧ ದೇಶವ್ಯಾಪಿಯಾದ ಆಂದೋಲನವನ್ನು ಕಟ್ಟಿದರು. 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯು ಅವರನ್ನು ಅರಸಿಕೊಂಡು ಬಂದಿತು. ತಮ್ಮ ಊರಿನ ಈ ಮಗನ ಹೆಸರು ಶುಚಿತ್ವದ ಅಧ್ಯಾಯದಲ್ಲಿ ಎಲ್ಲಿಯೂ ಇಲ್ಲ. ನಮ್ಮವರಿಗೆ ಶುಚಿತ್ವದ ಬುದ್ಧಿಯಿಲ್ಲವೆಂಬುದು ಅರ್ಧಸತ್ಯ. ಶುಚಿ ಮಾಡುವವನನ್ನು ಅಶುಚಿಯೆಂದು ದೂರವಿಟ್ಟಿರುವುದು ನಮ್ಮ ನಿಜವಾದ ರೋಗ.

ಜಪಾನು ಈ ರೋಗದಿಂದ ಪೂರ್ಣವಾಗಿ ಮುಕ್ತವೆಂದು ಭಾವಿಸುವುದೂ ತಪ್ಪು. ಚರ್ಮ ಹದಮಾಡುವ, ಪಶುವಧೆ ಮಾಡುವ ಕಸುಬುಗಳವರನ್ನು ಆ ನಾಡಿನಲ್ಲಿ ಶತಮಾನಗಳ ಕಾಲ ಪ್ರತ್ಯೇಕ ಕೇರಿಗಳಲ್ಲಿ ಇಟ್ಟಿದ್ದರು. 1871ರ ರಾಜಾಜ್ಞೆಯಿಂದ ಆ ಭೇದವು ಕಾನೂನಿನಲ್ಲಿ ಅಳಿಯಿತು, ಮನಸ್ಸಿನಲ್ಲಿ ಅಳಿಯಲಿಲ್ಲ. ಬುರಾಕು ಎಂದರೆ ಕೇರಿ. ಆ ಕೇರಿಯ ಜನರು 1922ರಲ್ಲಿ ಸಮಾನತೆಗಾಗಿ ಸಂಘಟಿತರಾದರು. ಅವರ ಕೇರಿಗಳ ಪಟ್ಟಿಯನ್ನು ಗುಟ್ಟಾಗಿ ಅಚ್ಚುಮಾಡಿ ಮಾರುತ್ತಿದ್ದರೆಂದೂ, ಉದ್ಯೋಗಕ್ಕೆ ಬಂದವರ ಮೂಲವನ್ನು ಅದರಿಂದ ಪತ್ತೆಹಚ್ಚಲು ಕಂಪನಿಗಳು ಅದನ್ನು ಕೊಳ್ಳುತ್ತಿದ್ದವೆಂದೂ 1975ರಲ್ಲಿ ಬಯಲಾಯಿತು. ಹರಳಯ್ಯನ ಕಥೆ ಕೇಳಿ ಬೆಳೆದ ನಮ್ಮ ಹುಡುಗನಿಗೆ ಇದು ಹೊಸ ವಿಷಯವಾಗಿ ತೋರಬಾರದು. ಇದು ಬೀದಿಯಲ್ಲಿ ನಡೆದುಹೋಗುವವನ ಕಣ್ಣಿಗೆ ಕಾಣುವಂತಹುದಲ್ಲ, ಯಾರಾದರೂ ಸ್ನೇಹಿತನು ತಗ್ಗಿದ ದನಿಯಲ್ಲಿ ಹೇಳಿದರೆ ತಿಳಿಯುವಂತಹುದು. ಜಪಾನೀಯರೇ ಮನುಷ್ಯನ ಮಾತನ್ನು ಎರಡಾಗಿ ವಿಂಗಡಿಸುತ್ತಾರೆ: ಹೊರಗಿನವರ ಮುಂದೆ ಆಡುವ ಒಪ್ಪಂದದ ಮಾತು "ತಾತೆಮಾಯೆ", ಒಳಗಿನ ನಿಜವಾದ ಭಾವ "ಹೊನ್ನೆ". ಚಿನ್ನದ ನಾಡಿನವರ ಕಿವಿಗೆ ಹೊನ್ನೆಂಬ ಶಬ್ದದಂತೆಯೇ ಕೇಳಿಸುವ ಆ ಮಾತು ಮೇಲ್ಮೈಯಲ್ಲಿ ಸಿಕ್ಕುವುದಿಲ್ಲ, ಆಳಕ್ಕೆ ಇಳಿಯಬೇಕು. ಇಳಿಯುವ ಏಣಿಯೇ ಸ್ನೇಹ. ಆದುದರಿಂದಲೇ ಸ್ನೇಹವಿಲ್ಲದ ಗ್ರಂಥದಲ್ಲಿ ಜ್ಞಾನವೂ ಅರ್ಧವೆಂದು ಹೇಳುತ್ತೇವೆ.

ಈ ಸಂದರ್ಭದಲ್ಲಿ ಇನ್ನೊಂದು ಸಂಗತಿಯನ್ನು ಸ್ಮರಿಸಬೇಕು. ಗ್ರಂಥಕರ್ತರು "ಜಪಾನಿಗೂ ನಮ್ಮ ಊರಿಗೂ ಏನು ಸಂಬಂಧ!" ಎಂದು ಮೊದಲ ಅಧ್ಯಾಯದಲ್ಲಿಯೇ ಉದ್ಗರಿಸುತ್ತಾರೆ. ಸಂಬಂಧವು ಅವರ ತಾತನವರ ಕಾಲಿನ ಕೆಳಗೇ ಇದ್ದಿತು. 1950ರ ದಶಕದ ಆರಂಭದಿಂದಲೇ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯವರು ಆಕಾಶದಿಂದ ಬರುವ ಕಿರಣಗಳ ಅಧ್ಯಯನವನ್ನು ಕೋಲಾರದ ಗಣಿಯ ಆಳದಲ್ಲಿ ನಡೆಸುತ್ತಿದ್ದರು, ಕನ್ನಡಿಗರಾದ ಬಿ. ವಿ. ಶ್ರೀಕಂಠನ್ ಅವರು ಆ ಕಾರ್ಯದ ಆದ್ಯರಲ್ಲಿ ಒಬ್ಬರು. ಭೂಮಿಯ ಮೇಲೆ ಈ ಕಿರಣಗಳ ಮಳೆ ಎಡೆಬಿಡದೆ ಸುರಿಯುವುದರಿಂದ ಅತಿ ಸೂಕ್ಷ್ಮವಾದ ಕಣಗಳ ಸುಳಿವು ಸಿಕ್ಕುವುದಿಲ್ಲ. ಮೈಲಿಗಟ್ಟಲೆ ಬಂಡೆಯ ಕೆಳಗೆ ಹೋದರೆ ಉಳಿದೆಲ್ಲ ಸದ್ದು ಅಡಗಿ ಆ ಸುಳಿವು ಕೇಳಿಸುತ್ತದೆ. 1960ರ ದಶಕದಲ್ಲಿ ಜಪಾನಿನ ಒಸಾಕಾ ನಗರ ವಿಶ್ವವಿದ್ಯಾಲಯದ ಎಸ್. ಮಿಯಾಕೆ ಮೊದಲಾದವರು ಈ ಕಾರ್ಯದಲ್ಲಿ ಕೂಡಿಕೊಂಡರು; ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದವರೂ ಸೇರಿದರು. ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊ ಎಂಬ ಕಣದ ಗುರುತನ್ನು ಕಂಡು, 1965ರ ಆಗಸ್ಟಿನಲ್ಲಿ ಮೂರು ದೇಶಗಳ ಹೆಸರುಗಳು ಕೂಡಿದ ಪ್ರಬಂಧದಲ್ಲಿ ಲೋಕಕ್ಕೆ ಸಾರಿದರು. ಮತ್ತೆ 1980ರಿಂದ ಚಾಂಪಿಯನ್ ರೀಫ್‌ನಲ್ಲಿಯೇ ಸುಮಾರು 140 ಟನ್ ತೂಕದ ಉಪಕರಣವನ್ನು ನಿಲ್ಲಿಸಿ ಪ್ರೋಟಾನು ಕ್ಷಯಿಸುವುದೇ ಎಂಬ ಪರೀಕ್ಷೆಯನ್ನು ಭಾರತೀಯರೂ ಜಪಾನೀಯರೂ ಜೊತೆಗೂಡಿ ನಡೆಸಿದರು.

ಬಂಗಲೆಯ ಇಂಗ್ಲೆಂಡಿಗೂ ಈ ನೆಲದಡಿಯ ಕೂಟಕ್ಕೂ ಇರುವ ಭೇದವನ್ನು ವಾಚಕರು ಗಮನಿಸಬೇಕು. ಕ್ಲಬ್ಬಿನ ಬಾಗಿಲಿನಲ್ಲಿ ಒಳಗೆ ಬರುವವನ ಬಣ್ಣವನ್ನು ನೋಡುತ್ತಿದ್ದರು. ಶಾಫ್ಟಿನ ಪಂಜರದಲ್ಲಿ ಹಾಗಲ್ಲ. ಎರಡು ಕಿಲೋಮೀಟರ್ ಕೆಳಗಿನ ಸೆಕೆಯಲ್ಲಿ ಒಸಾಕಾದವನ ಬೆವರೂ ಮಾರಿಕುಪ್ಪದವನ ಬೆವರೂ ಒಂದೇ. ಒಂದೇ ಕತ್ತಲಲ್ಲಿ, ಒಂದೇ ಹಗ್ಗವನ್ನು ನಂಬಿ ಇಳಿಯುವವರಿಗೆ ಹಿರಿಕಿರಿದೆಂಬುದು ಅರ್ಥ ಕಳೆದುಕೊಳ್ಳುತ್ತದೆ. ಪರದೇಶದಲ್ಲಿ ಬಾಳುವುದಕ್ಕೆ ಎರಡು ಮಾದರಿಗಳು ಹೀಗೆ ನಮ್ಮ ಊರಿನಲ್ಲಿಯೇ ಇದ್ದವು: ತನ್ನ ದೇಶವನ್ನು ಬೇಲಿ ಕಟ್ಟಿ ಕೂರಿಸಿಕೊಳ್ಳುವುದು ಒಂದು, ಸಮಾನವಾದ ಕಾಯಕಕ್ಕೆ ಇಳಿದು ಜೊತೆಗಾರನಾಗುವುದು ಇನ್ನೊಂದು. ಮೊದಲನೆಯದು ಸ್ಥಾವರದ ಬಾಳು, ಎರಡನೆಯದು ಜಂಗಮದ ಬಾಳು. ನಮ್ಮ ಗ್ರಂಥಕರ್ತರು ಟೋಕಿಯೋದಲ್ಲಿ ಭಾರತೀಯರ ಅಂಗಡಿ, ಭಾರತೀಯರ ಹಬ್ಬ, ಭಾರತೀಯರ ಕ್ರಿಕೆಟ್ ತಂಡ ಇವುಗಳ ವೃತ್ತಾಂತಕ್ಕೆ ಮೂರು ಅಧ್ಯಾಯಗಳನ್ನು ಮೀಸಲಿಟ್ಟಿದ್ದಾರೆ. ತನ್ನವರೊಡನೆ ಸೇರುವುದು ತಪ್ಪಲ್ಲ. ಆದರೆ ಪುಟ್ಟ ಇಂಗ್ಲೆಂಡನ್ನು ಕಂಡು ನೊಂದ ಮನೆತನದವರು ಪುಟ್ಟ ಬಂಗಾರಪೇಟೆಯೊಂದನ್ನು ಕಟ್ಟಿಕೊಂಡು ಅದರೊಳಗೇ ಕುಳಿತರೆ, ಕ್ಲಬ್ಬಿನವರನ್ನು ದೂರುವ ಹಕ್ಕನ್ನು ಕಳೆದುಕೊಳ್ಳುತ್ತಾರೆ.

ಮುಂದಿನ ಕಥೆಯೂ ಮನನೀಯವಾಗಿದೆ. ಜಪಾನಿನ ಗಿಫು ಪ್ರಾಂತದ ಕಾಮಿಯೋಕಾ ಎಂಬಲ್ಲಿಯ ಗಣಿಯೊಳಗೆ 1983ರಲ್ಲಿ ಅಂತಹುದೇ ಒಂದು ಪ್ರಯೋಗಶಾಲೆಯು ಆರಂಭವಾಯಿತು. ಅಲ್ಲಿನ ಕಾರ್ಯಕ್ಕಾಗಿ 2002ರಲ್ಲಿ ಮಸತೋಶಿ ಕೊಶಿಬಾ ಅವರಿಗೂ, ಅದರ ಹಿರಿಯ ರೂಪದಲ್ಲಿ ನಡೆದ ಕಾರ್ಯಕ್ಕಾಗಿ 2015ರಲ್ಲಿ ತಕಾಕಿ ಕಜಿತಾ ಅವರಿಗೂ ನೊಬೆಲ್ ಪಾರಿತೋಷಿಕದ ಗೌರವ ಸಂದಿತು. ಇತ್ತ ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿ, ನೀರೆತ್ತುವುದು ನಿಂತು, ಸುರಂಗಗಳು ಜಲಾವೃತವಾದವು. ನೂರಿಪ್ಪತ್ತು ವರ್ಷಗಳಲ್ಲಿ 800 ಟನ್ನಿಗೂ ಮಿಕ್ಕಿ ಚಿನ್ನವನ್ನು ಕೊಟ್ಟ ಊರಿನ ಮಕ್ಕಳು ಮುಂಜಾನೆಯ ಕತ್ತಲಿನಲ್ಲಿ ಮಾರಿಕುಪ್ಪದ ರೈಲು ಹತ್ತಿ, ಬಂಗಾರಪೇಟೆಯ ಮೂಲಕ ಬೆಂಗಳೂರಿನ ಕೂಲಿಗೆ ಹೋಗಿ ರಾತ್ರಿ ಹಿಂದಿರುಗುತ್ತಾರೆ. ಟೋಕಿಯೋದ ರೈಲನ್ನು ಆರು ಪುಟ ವರ್ಣಿಸಿದ ಗ್ರಂಥಕರ್ತರು ಈ ರೈಲಿಗೆ ಆರು ಸಾಲನ್ನಾದರೂ ಕೊಡಬಹುದಾಗಿತ್ತು. ಅವರ ತಂದೆಯವರು ಆ ರೈಲಿನಲ್ಲಿಯೇ ಓಡಾಡಿ ಮಗನನ್ನು ಓದಿಸಿದರೆಂಬುದು ನಮಗೆ ತಿಳಿದ ವಿಷಯ.

ಇಷ್ಟನ್ನೆಲ್ಲ ಬರೆದ ಮೇಲೆ ಲೇಖನಿಯನ್ನು ಕೆಳಗಿಟ್ಟು ಯೋಚಿಸಿದೆವು. ಈ ಹುಡುಗನು ತನ್ನ ಊರನ್ನು ಬರೆಯಲು ಏಕೆ ನಾಚುತ್ತಾನೆ? ಆಗ ಒಂದು ಹಳೆಯ ಸಂಗತಿ ನೆನಪಿಗೆ ಬಂದಿತು. ಬಂದು ನಮ್ಮನ್ನು ನಿದ್ರೆಗೊಡಲಿಲ್ಲ. 1990ರ ದಶಕದಲ್ಲಿ, ನಾವು ಇನ್ನೂ ಸಾಧಕರಾಗಿದ್ದಾಗ, ಪ್ರಸಾದನಿಲಯದ ಮಕ್ಕಳಿಗೆ ಸಂಜೆಯ ಹೊತ್ತು ಕನ್ನಡವನ್ನು ಹೇಳಿಕೊಡುತ್ತಿದ್ದೆವು. ಒಮ್ಮೆ "ನಮ್ಮ ಊರು" ಎಂಬ ಪ್ರಬಂಧವನ್ನು ಬರೆಯಲು ಹೇಳಿದೆವು. ಈ ಬಾಲಕನು ಸಯನೈಡ್ ದಿಬ್ಬದ ಬಿಳಿಯ ದೂಳು ಗಾಳಿಗೆ ಹಾರಿ ಅನ್ನದ ತಟ್ಟೆಗೆ ಬೀಳುವುದನ್ನೂ, ತಾತನ ಕೆಮ್ಮನ್ನೂ, ಸೈರನ್ನು ಕೂಗಿದಾಗ ಅಜ್ಜಿ ಓಡುವುದನ್ನೂ, ಸಾಲುಮನೆಯ ಹಿಂದಿನ ಪಾಯಖಾನೆಯನ್ನು ಬಳಿಯಲು ಬರುವ ಹೆಂಗಸಿನ ಮಗ ತನ್ನ ಗೆಳೆಯನೆಂಬುದನ್ನೂ ಬರೆದಿದ್ದ. ನಾವು ಕೆಂಪು ಮಸಿಯಿಂದ ಆ ಭಾಗವನ್ನೆಲ್ಲ ಹೊಡೆದುಹಾಕಿ, "ಮಂಗಳಕರವಾದುದನ್ನು ಬರೆ, ಊರಿನ ಹಿರಿಮೆಯನ್ನು ಬರೆ" ಎಂದು ಅಂಚಿನಲ್ಲಿ ಸೂಚಿಸಿದೆವು. ಹುಡುಗನು ವಿಧೇಯನಾಗಿ ಬೇರೆ ಪ್ರಬಂಧವನ್ನು ಬರೆದು ತಂದ. ಅದರಲ್ಲಿ ಬಂಗಾರದ ಗಣಿಯ ಕೀರ್ತಿಯಿತ್ತು, ಬ್ರಿಟಿಷರ ಕಟ್ಟಡಗಳಿದ್ದವು, ವಿದ್ಯುತ್ ದೀಪವಿತ್ತು. ಅಜ್ಜಿಯೂ ಇರಲಿಲ್ಲ, ಗೆಳೆಯನೂ ಇರಲಿಲ್ಲ. ಅದಕ್ಕೆ ನಾವು ಹತ್ತಕ್ಕೆ ಒಂಬತ್ತು ಅಂಕಗಳನ್ನು ಕೊಟ್ಟೆವು.

ವಾಚಕ ಬಂಧುಗಳೆ, ಈಗ ನಮ್ಮ ಮುಂದಿರುವ ಹಸ್ತಪ್ರತಿಯು ಆ ಒಂಬತ್ತು ಅಂಕದ ಪ್ರಬಂಧವೇ, ಬೆಳೆದು ಗ್ರಂಥವಾಗಿ ಬಂದಿದೆ. ಅದರಲ್ಲಿ ನಾವು ತೋರಿಸಿದ ದೋಷಗಳೆಲ್ಲ ನಾವೇ ಕಲಿಸಿದವು. ಮಂಗಳವೆಂದರೆ ನೋವನ್ನು ಮರೆಮಾಡುವುದೆಂದು ತಿಳಿದಿದ್ದೆವು. ನೋವನ್ನು ಹಂಚಿಕೊಳ್ಳಲಾರದವನಿಗೆ ಸ್ನೇಹವೂ ದಕ್ಕದೆಂಬುದು ನಮಗೆ ಈ ವಯಸ್ಸಿನಲ್ಲಿ, ಶಿಷ್ಯನ ಹಸ್ತಪ್ರತಿಯಿಂದ ತಿಳಿಯಿತು. ಗುರುವಾದವನು ತಪ್ಪನ್ನು ತಿದ್ದಬೇಕು. ಸತ್ಯವನ್ನು ತಿದ್ದಿದರೆ ಅದು ಮುಂದಿನ ತಲೆಮಾರಿನವರೆಗೆ ಹರಿಯುತ್ತದೆ. ನಮ್ಮ ಸಂಸ್ಥೆಗಳಲ್ಲಿ ಈಗ ಪಾಠ ಹೇಳುತ್ತಿರುವ ಉಪಾಧ್ಯಾಯರು ಕೆಂಪು ಮಸಿಯನ್ನು ಕೈಗೆತ್ತಿಕೊಳ್ಳುವ ಮುನ್ನ ಇದನ್ನು ನೆನೆಯಲಿ.

ಹಸ್ತಪ್ರತಿಯನ್ನು ಹಿಂದಿರುಗಿಸಿದ್ದೇವೆ. ಅದರೊಡನೆ ಇಷ್ಟನ್ನೇ ಬರೆದು ಕಳುಹಿಸಿದ್ದೇವೆ: ಮೊದಲು ಆ ತಾಯಿಯ ಬಾಗಿಲನ್ನು ತಟ್ಟಿ, ಅವರು ಈಗ ಇಲ್ಲವಾಗಿದ್ದರೆ ಅವರ ಹೆಸರನ್ನಾದರೂ ನೆರೆಯವರಿಂದ ಕೇಳಿ ತಿಳಿಯಿರಿ. ಅವರ ಮನೆಯವರಿಗೆ ನಿಮ್ಮ ಅಜ್ಜಿಯ ಕಥೆಯನ್ನು ಹೇಳಿ, ಅವರ ಕಥೆಯನ್ನು ಕೇಳಿ. ಅನಂತರ ಬರೆಯಿರಿ. ಅಂದು ನಾವು ಹೊಡೆದುಹಾಕಿದ ಪ್ರಬಂಧವು ನಿಮಗೆ ನೆನಪಿದ್ದರೆ ಅದೇ ಗ್ರಂಥದ ಮೊದಲ ಅಧ್ಯಾಯವಾಗಲಿ. ಮುನ್ನುಡಿಯನ್ನು ಆಗ ಸಂತೋಷದಿಂದ ಬರೆದುಕೊಡುತ್ತೇವೆ.

ಹೊರನಾಡುಗಳಲ್ಲಿರುವ ಉಳಿದ ಹಳೆಯ ವಿದ್ಯಾರ್ಥಿಗಳಲ್ಲಿಯೂ ಒಂದು ಕೋರಿಕೆ. ಮಠಕ್ಕೆ ನೀವು ಕಾಣಿಕೆಯನ್ನು ಕಳುಹಿಸುತ್ತೀರಿ, ಚಿತ್ರಗಳನ್ನು ಕಳುಹಿಸುತ್ತೀರಿ. ಅದಕ್ಕಾಗಿ ನಿಮಗೆ ಶುಭವನ್ನು ಕೋರುತ್ತೇವೆ. ಮುಂದಿನ ಸಲ ಬರೆಯುವಾಗ ನಿಮ್ಮ ನೆರೆಮನೆಯವರ ಹೆಸರೇನೆಂದು ಒಂದು ಸಾಲು ಬರೆಯಿರಿ. ಆ ಒಂದು ಸಾಲನ್ನು ಬರೆಯಲು ನಿಮಗೆ ಸಾಧ್ಯವಾಗದಿದ್ದರೆ, ಕಾಗದವನ್ನು ಹಾಗೆಯೇ ಮೇಜಿನ ಮೇಲಿಟ್ಟು ಹೊರಗೆ ಹೋಗಿ ಕೇಳಿಕೊಂಡು ಬನ್ನಿ. ಕಾಗದ ತಡವಾದರೂ ಚಿಂತೆಯಿಲ್ಲ, ನಾವು ಕಾದಿರುತ್ತೇವೆ.